ಅಯೋರ್ಟಾ ಬಿರಿದರೆ: ಮಾತ್ರೆಯೋ, ಸ್ಟೆಂಟೋ, ಆಪರೇಷನ್ನೋ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ಮಹಾಪಧಮನಿಯ ಕಾಯಿಲೆ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೃದಯ ಮತ್ತು ರಕ್ತನಾಳ ವಿಭಾಗದ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ, ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಬಿಪಿ ಇತ್ತು, ಮಾತ್ರೆ ನೆನಪಾದಾಗ ತಗೊಳ್ಳೋರು. ಐದು ವಾರದ ಹಿಂದೆ ಬೆನ್ನಿನಲ್ಲಿ ಏಕಾಏಕಿ ತಡೆಯಲಾರದ ನೋವು ಬಂತು. ಸಿಟಿ ಮಾಡಿಸಿ ‘ಟೈಪ್ ಬಿ ಅಯೋರ್ಟಿಕ್ ಡಿಸೆಕ್ಷನ್’ ಅಂದರು. ಐಸಿಯುನಲ್ಲಿದ್ದು ಮನೆಗೆ ಬಂದಿದ್ದಾರೆ, ಈಗ ನೋವಿಲ್ಲ. ಒಬ್ಬ ಡಾಕ್ಟರ್ ಮೂರು ತಿಂಗಳೊಳಗೆ ಸ್ಟೆಂಟ್ ಹಾಕಿಸಿ ಅಂತಾರೆ, ಇನ್ನೊಬ್ಬರು ಮಾತ್ರೆ ಸಾಕು ಅಂತಾರೆ. ರಿಪೋರ್ಟಿನಲ್ಲಿ 42 ಮಿ.ಮೀ., ‘ಫಾಲ್ಸ್ ಲ್ಯೂಮೆನ್ ಪೇಟೆಂಟ್’ ಎಂದಿದೆ. ನಮ್ಮದು ಬಿಪಿಎಲ್ ಕಾರ್ಡ್. ಯಾರ ಮಾತು ಕೇಳಬೇಕು?
– ಮಗಳು, ಗಂಗಾವತಿ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ನಿಮ್ಮ ತಂದೆಯವರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಸಿಟಿಯ ಮೂರ್ನಾಲ್ಕು ಅಳತೆಗಳು ಹೇಳಬೇಕು. ಅವುಗಳಲ್ಲಿ ಒಂದು ಮಾತ್ರ ನಿಮ್ಮ ಪತ್ರದಲ್ಲಿದೆ.

ಹೃದಯದ ಎಡಕೋಣೆಯಿಂದ ಹೊರಟ ಅಯೋರ್ಟಾ ಮೊದಲು ಮೇಲಕ್ಕೇರಿ, ಕಮಾನಾಗಿ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಹೊಟ್ಟೆಗೆ ಇಳಿಯುತ್ತದೆ. ಅದರ ಗೋಡೆಗೆ ಮೂರು ಪದರ. ಒಳಪದರ ಒಂದು ಕಡೆ ಹರಿದರೆ ರಕ್ತ ನಡುಪದರಕ್ಕೆ ನುಗ್ಗಿ ಗೋಡೆಯನ್ನು ಉದ್ದಕ್ಕೆ ಸೀಳುತ್ತ ಹೋಗುತ್ತದೆ. ಈ ಸೀಳೇ ಡಿಸೆಕ್ಷನ್. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಲೈನಿಂಗ್‌ನ ಒಂದು ಬಿರುಕಿನಿಂದ ನೀರು ಒಳಹೊಕ್ಕು ಸಿಮೆಂಟಿನ ಹಾಸನ್ನೇ ಎಬ್ಬಿಸುವುದನ್ನು ನಿಮ್ಮ ಕಡೆಯವರು ನೋಡಿರುತ್ತೀರಿ. ಇಲ್ಲೂ ಕೆಲಸ ಮಾಡುವುದು ಒತ್ತಡವೇ. ಹೀಗೆ ಒಂದು ನಾಳ ಎರಡಾಗುತ್ತದೆ: ಮೊದಲಿನ ಸರಿಯಾದ ದಾರಿ ಟ್ರೂ ಲ್ಯೂಮೆನ್, ಸೀಳಿನಲ್ಲಿ ಹುಟ್ಟಿದ್ದು ಫಾಲ್ಸ್ ಲ್ಯೂಮೆನ್. ‘ಪೇಟೆಂಟ್’ ಎಂದರೆ ಆ ಸುಳ್ಳುದಾರಿಯಲ್ಲಿ ಇನ್ನೂ ರಕ್ತ ಹರಿಯುತ್ತಿದೆ. ಅದರ ಹೊರಗೋಡೆ ತೆಳು, ವರ್ಷಗಳು ಕಳೆದಂತೆ ಉಬ್ಬುತ್ತದೆ. ಅದು ಪೂರ್ತಿ ಹೆಪ್ಪುಗಟ್ಟಿ ಮುಚ್ಚಿದ್ದರೆ ಒಳ್ಳೆಯ ಸುದ್ದಿ. ಅರ್ಧ ಹೆಪ್ಪುಗಟ್ಟಿ ಅರ್ಧ ತೆರೆದಿದ್ದರೆ ಅಷ್ಟು ನೆಮ್ಮದಿಯಲ್ಲ.

ಏರುವ ಭಾಗದಲ್ಲಿ ಸೀಳಿದ್ದರೆ ಟೈಪ್ ಎ. ಅದಕ್ಕೆ ಆ ರಾತ್ರಿಯೇ ಎದೆ ತೆರೆದು ಆಪರೇಷನ್ ಮಾಡಬೇಕು, ಚರ್ಚೆಗೆ ಸಮಯವಿಲ್ಲ. ಏರುವ ಭಾಗ ಚೆನ್ನಾಗಿದ್ದು ಇಳಿಯುವ ಭಾಗ ಮಾತ್ರ ಸೀಳಿದ್ದರೆ ಟೈಪ್ ಬಿ. ಇದರಲ್ಲಿ ಅಯೋರ್ಟಾ ಒಡೆಯುತ್ತಿರುವುದು, ಕರುಳಿಗೋ ಕಿಡ್ನಿಗೋ ಕಾಲಿಗೋ ಬೆನ್ನುಹುರಿಗೋ ರಕ್ತ ನಿಂತಿರುವುದು, ಮದ್ದಿಗೆ ಬಗ್ಗದ ನೋವು ಅಥವಾ ಬಿಪಿ, ದಿನದಿಂದ ದಿನಕ್ಕೆ ಉಬ್ಬುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊಲಿದ ಸ್ಟೆಂಟ್) ಹಾಕುತ್ತಾರೆ. ಇವು ಯಾವುದೂ ಇಲ್ಲದವರಿಗೆ ಮಾತ್ರೆಯೇ ಮೊದಲ ಚಿಕಿತ್ಸೆ. ಮಾತ್ರೆ ಎಂದರೆ ಕೈಕಟ್ಟಿ ಕೂತಂತೆ ಎಂದು ಬಹಳ ಮನೆಗಳಲ್ಲಿ ತಿಳಿದಿದ್ದಾರೆ. ಹಾಗಲ್ಲ. ಮೆಟೊಪ್ರೊಲಾಲ್, ಲ್ಯಾಬೆಟಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಹೃದಯದ ಪ್ರತಿ ಬಡಿತದ ಹೊಡೆತವನ್ನೇ ಮೆದುವಾಗಿಸುತ್ತವೆ. ಸೀಳು ಮುಂದುವರಿಯುವುದು ಆ ಹೊಡೆತದಿಂದಲೇ.

ನಿಮ್ಮ ತಂದೆಯವರು ನಿಂತಿರುವುದು ಇವೆರಡರ ನಡುವೆ: ಸದ್ಯಕ್ಕೆ ತೊಡಕಿಲ್ಲ, ಮುಂದೆ ತೊಡಕಾಗುವ ಲಕ್ಷಣ ಇದೆಯೋ ನೋಡಬೇಕು. ಸಿಟಿಯ ಸಿಡಿ ತೆಗೆದುಕೊಂಡು ಹೋಗಿ ಹೀಗೆ ಕೇಳಿ. ಅಯೋರ್ಟಾದ ಒಟ್ಟು ಅಗಲ 40 ಮಿ.ಮೀ. ದಾಟಿದೆಯೇ? (ನಿಮ್ಮದು ದಾಟಿದೆ.) ಮೊದಲ ಹರಕು 10 ಮಿ.ಮೀ.ಗಿಂತ ದೊಡ್ಡದೇ? ಅದು ಕಮಾನಿನ ಒಳಬದಿಯಲ್ಲಿದೆಯೇ? ಫಾಲ್ಸ್ ಲ್ಯೂಮೆನ್ 22 ಮಿ.ಮೀ. ಮುಟ್ಟಿದೆಯೇ? ಪುಪ್ಪುಸದ ಸುತ್ತ ರಕ್ತ ಮಿಶ್ರಿತ ನೀರಿದೆಯೇ? 42ರ ಜೊತೆಗೆ ಇವುಗಳಲ್ಲಿ ಇನ್ನೊಂದೆರಡು ‘ಹೌದು’ ಎಂದಾದರೆ ನಾವು ಸ್ಟೆಂಟ್ ಕಡೆ ವಾಲುತ್ತೇವೆ. ಉಳಿದ ಎಲ್ಲಕ್ಕೂ ‘ಇಲ್ಲ’ ಎಂದರೆ, ಬಿಪಿ ಹಿಡಿತದಲ್ಲಿದ್ದರೆ, ಮಾತ್ರೆ ಮತ್ತು ಮರು-ಸಿಟಿಯೇ ಸರಿ.

ಮೂರು ತಿಂಗಳ ಲೆಕ್ಕ ಎಲ್ಲಿಂದ ಬಂತು? ಮೊದಲ 14 ದಿನ ಗೋಡೆ ಹಸಿಯಾಗಿರುತ್ತದೆ; ಸ್ಟೆಂಟಿನ ತುದಿ ತಾಗಿ ಹೊಸ ಸೀಳು ಹೃದಯದ ಕಡೆಗೆ ಹಿಮ್ಮುಖವಾಗಿ ಹೋಗುವ ಅಪಾಯ ಹೆಚ್ಚು. 90 ದಿನ ದಾಟಿದ ಮೇಲೆ ಎರಡು ದಾರಿಗಳ ನಡುವಿನ ಪೊರೆ ಗಟ್ಟಿಯಾಗುತ್ತ ಹೋಗಿ, ಸ್ಟೆಂಟ್ ಹಾಕಿದರೂ ನಿಜದಾರಿ ಪೂರ್ತಿ ಅರಳುವುದಿಲ್ಲ. ಆದ್ದರಿಂದ ತುರ್ತಿಲ್ಲದವರಿಗೆ 15ರಿಂದ 90ನೇ ದಿನದವರೆಗಿನ ಅವಧಿ ಅನುಕೂಲ. ಯುರೋಪಿನಲ್ಲಿ ತೊಡಕಿಲ್ಲದ ಟೈಪ್ ಬಿ ಇದ್ದ 140 ರೋಗಿಗಳ ಮೇಲೆ ‘ಇನ್‌ಸ್ಟೆಡ್’ ಎಂಬ ಅಧ್ಯಯನ ನಡೆಯಿತು. ಎರಡು ವರ್ಷಕ್ಕೆ ನೋಡಿದಾಗ ಸ್ಟೆಂಟಿನಿಂದ ಜೀವ ಉಳಿದ ಲೆಕ್ಕ ಕಾಣಲಿಲ್ಲ. ಐದು ವರ್ಷಕ್ಕೆ ನೋಡಿದಾಗ ಅಯೋರ್ಟಾದಿಂದಾದ ಸಾವು ಸ್ಟೆಂಟ್ ಹಾಕಿದವರಲ್ಲಿ 6.9%, ಬರೀ ಮಾತ್ರೆಯವರಲ್ಲಿ 19.3%. ಎಲ್ಲ ಕಾರಣದ ಸಾವುಗಳನ್ನು ಸೇರಿಸಿದರೆ ವ್ಯತ್ಯಾಸ ಅಷ್ಟು ಖಚಿತವಾಗಿರಲಿಲ್ಲ. ನಿಮ್ಮ ಇಬ್ಬರು ಡಾಕ್ಟರುಗಳ ಭಿನ್ನಾಭಿಪ್ರಾಯಕ್ಕೆ ಬೇರು ಇಲ್ಲೇ ಇದೆ. 56ರವರಿಗೆ ಐದು ವರ್ಷದಾಚೆಯ ಲೆಕ್ಕ ಮುಖ್ಯ, 80ರವರಿಗೆ ಅಷ್ಟಲ್ಲ.

ಸ್ಟೆಂಟ್ ಎಂದಾಕ್ಷಣ ಹೃದಯದ ಸಣ್ಣ ಸ್ಟೆಂಟನ್ನು ನೆನೆಯಬೇಡಿ. ಇದು ಹೆಬ್ಬೆರಳಿಗಿಂತ ದಪ್ಪದ, ಲೋಹದ ಬಲೆಗೆ ಬಟ್ಟೆ ಹೊಲಿದ ಕೊಳವೆ. ತೊಡೆಸಂದಿನ ನಾಳದಿಂದ ಮೇಲಕ್ಕೊಯ್ದು ಹರಕಿನ ಮೇಲೆ ಅರಳಿಸುತ್ತಾರೆ. ಹರಕಿಗಿಂತ ಮೇಲೆ ಸುಮಾರು 2 ಸೆಂ.ಮೀ. ಗಟ್ಟಿ ಗೋಡೆ ಸಿಗಬೇಕು. ಸಿಗದಿದ್ದರೆ ಎಡಗೈಗೆ ಹೋಗುವ ನಾಳದ ಬಾಯಿಯನ್ನೂ ಮುಚ್ಚಬೇಕಾಗುತ್ತದೆ. ತುರ್ತಿಲ್ಲದ ಆಪರೇಷನ್‌ನಲ್ಲಿ ಅದಕ್ಕೆ ಮೊದಲೇ ಕುತ್ತಿಗೆಯ ನಾಳದಿಂದ ಬೈಪಾಸ್ ಕೊಡುವುದು ಸರಿಯಾದ ಕ್ರಮ. ಬೆನ್ನುಹುರಿಗೆ ರಕ್ತ ಕಮ್ಮಿಯಾಗಿ ಕಾಲು ಸ್ವಾಧೀನ ತಪ್ಪುವ ಅಪಾಯ 100ರಲ್ಲಿ 2ರಿಂದ 5 ಮಂದಿಗೆ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುಕಮ್ಮಿ ಅಷ್ಟೇ. ಇದನ್ನು ಮುಚ್ಚಿಟ್ಟು ‘ಒಂದು ಸ್ಟೆಂಟ್ ಅಷ್ಟೆ’ ಎನ್ನುವ ಕಡೆ ಸಹಿ ಹಾಕುವ ಮುನ್ನ ಇನ್ನೊಂದು ಕಡೆ ತೋರಿಸಿ. ಅವರು ವರ್ಷಕ್ಕೆ ಎಷ್ಟು ಮಾಡುತ್ತಾರೆ, ಮಧ್ಯೆ ತೊಡಕಾದರೆ ಎದೆ ತೆರೆಯುವ ಶಸ್ತ್ರವೈದ್ಯರು ಅದೇ ಕಟ್ಟಡದಲ್ಲಿ ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಹಣದ ಮಾತು: ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ 30%, ಗರಿಷ್ಠ 1.5 ಲಕ್ಷ. ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಕ್ಕೆ ಈಗಲೇ ಓಡಾಡಿ. ಐದು ವಾರ ಈಗಾಗಲೇ ಹೋಗಿದೆ. ಗ್ರಾಫ್ಟ್‌ನ ಬೆಲೆಯೇ ಲಕ್ಷಗಟ್ಟಲೆ. ಅದು ಪ್ಯಾಕೇಜಿನೊಳಗೆ ಬರುತ್ತದೋ, ಮೇಲೆ ಕಟ್ಟಬೇಕೋ ಎಂಬುದನ್ನು ಅಡ್ಮಿಟ್ ಆಗುವ ಮುಂಚೆಯೇ ಕಾಗದದಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಬಿಪಿ ಮೆಷಿನ್ ತಂದಿದ್ದೇವೆ. ಯಜಮಾನರಿಗೆ ಎಡಗೈಯಲ್ಲಿ 108, ಬಲಗೈಯಲ್ಲಿ 146 ತೋರಿಸುತ್ತದೆ. ಮೆಷಿನ್ ಕೆಟ್ಟಿದೆಯೇ? ಅವರಿಗೆ ಕಳೆದ ವರ್ಷ ಅಯೋರ್ಟಾ ಸ್ಟೆಂಟ್ ಆಗಿದೆ.
– ಗೃಹಿಣಿ, ಬಳ್ಳಾರಿ

ಉತ್ತರ: ಮೆಷಿನ್ ಸರಿಯಾಗಿದೆ, ಎಡಗೈ ಸುಳ್ಳು ಹೇಳುತ್ತಿದೆ. ಸ್ಟೆಂಟು ಎಡಗೈ ನಾಳದ ಬಾಯಿಯನ್ನು ಮುಚ್ಚಿದ್ದರೆ, ಇಲ್ಲವೇ ಸೀಳು ಆ ನಾಳಕ್ಕೂ ಹೋಗಿದ್ದರೆ, ಅಲ್ಲಿ ಒತ್ತಡ ಕಡಿಮೆ ಕಾಣುತ್ತದೆ. ಅಯೋರ್ಟಾ ಅನುಭವಿಸುತ್ತಿರುವುದು 146ನ್ನು. ಎರಡು ಕೈಗಳಲ್ಲಿ ಯಾವುದು ಹೆಚ್ಚೋ ಅದನ್ನೇ ಎಂದೆಂದಿಗೂ ನಂಬಬೇಕು. ಫೈಲಿನ ಮೇಲೆ ‘ಬಿಪಿ ಬಲಗೈಯಲ್ಲೇ ನೋಡಿ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಯಾವುದೋ ಕ್ಲಿನಿಕ್ಕಿನಲ್ಲಿ ಎಡಗೈ ನೋಡಿ ‘108 ಇದೆ, ಲೋ ಆಗಿದೆ’ ಎಂದು ಮಾತ್ರೆ ಕಡಿಮೆ ಮಾಡಿಬಿಟ್ಟರೆ ಅನಾಹುತ.

ಗುರಿ 130/80ಕ್ಕಿಂತ ಕೆಳಗೆ. ತಲೆಸುತ್ತು ಬಾರದೆ ತಡೆದುಕೊಂಡರೆ ಮೇಲಿನ ಅಂಕಿ 120ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಕೂತಾಗ ನಾಡಿ ನಿಮಿಷಕ್ಕೆ 60ರ ಆಸುಪಾಸು. ಅಂದರೆ 146 ಹೆಚ್ಚಾಯಿತು, ಈ ವಾರವೇ ಡಾಕ್ಟರನ್ನು ಕಾಣಿ.

ಅಳೆಯುವ ಮುನ್ನ ಅರ್ಧ ಗಂಟೆ ಚಹಾ, ತಂಬಾಕು ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿ ಬರಿ ತೋಳಿಗೆ ಕಟ್ಟಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ರಾತ್ರಿ. ಮಣಿಕಟ್ಟಿನ ಮೆಷಿನ್ ಬೇಡ, ತೋಳಿನದೇ ಇರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಏರುತ್ತದೆ. ಒಂದು ವಾರದ ಅಂಕಿಗಳನ್ನು ಬರೆದುಕೊಂಡು ಹೋದರೆ ಡಾಕ್ಟರಿಗೆ ಅದು ಕ್ಲಿನಿಕ್ಕಿನ ಒಂದು ಅಳತೆಗಿಂತ ಹೆಚ್ಚು ಉಪಯೋಗ.

ಇನ್ನೊಂದು: ನಿಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರು ಬೆವರಿ ಬಸವಳಿದು ಎದ್ದುನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಆಗ ತಾವಾಗಿಯೇ ಎಲ್ಲ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಬೀಟಾ ಬ್ಲಾಕರ್ ಒಮ್ಮೆಲೇ ನಿಲ್ಲಿಸಿದರೆ ನಾಡಿ, ಬಿಪಿ ಎರಡೂ ಮೊದಲಿಗಿಂತ ಜೋರಾಗಿ ಏರುತ್ತವೆ. ಫೋನ್ ಮಾಡಿ ಕೇಳಿ ಯಾವುದನ್ನು ಕಡಿಮೆ ಮಾಡಬೇಕೋ ಅದನ್ನಷ್ಟೇ ಮಾಡಿ.

ಪ್ರಶ್ನೆ: ಅಣ್ಣನಿಗೆ 47. ಎದೆನೋವು ಬಂದು ಮೊದಲು ಹಾರ್ಟ್ ಅಟ್ಯಾಕ್ ಅಂದರು, ಆಮೇಲೆ ಟೈಪ್ ಎ ಅಂತ ರಾತ್ರೋರಾತ್ರಿ ಆಪರೇಷನ್ ಮಾಡಿದರು. ಯೋಚಿಸಲು ಹತ್ತು ನಿಮಿಷವೂ ಕೊಡಲಿಲ್ಲ. ಈಗ ಹೊಸ ಸಿಟಿಯಲ್ಲಿ ಕೆಳಗೆ ಇನ್ನೂ ಸೀಳು ಇದೆ ಅಂತಾರೆ. ನಾವು ಮೋಸ ಹೋದೆವಾ?
– ತಮ್ಮ, ಸಿಂಧನೂರು

ಉತ್ತರ: ಇಲ್ಲ. ಟೈಪ್ ಎ ಸೀಳು ಹೃದಯದ ಸುತ್ತಲಿನ ಚೀಲಕ್ಕೆ ಒಡೆಯಬಹುದು, ಕವಾಟವನ್ನು ಕೆಡಿಸಬಹುದು, ಹೃದಯದ ನಾಳಗಳ ಬಾಯಿ ಮುಚ್ಚಬಹುದು. ಆಪರೇಷನ್ ಇಲ್ಲದಿದ್ದರೆ ಮೊದಲ ಎರಡು ದಿನ ಗಂಟೆಗೆ 1ರಿಂದ 2% ಸಾವು ಎಂಬುದು ಹಳೆಯ ಲೆಕ್ಕ. ಹೊಸ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 0.5%, ಅಂದರೆ 48 ಗಂಟೆಯಲ್ಲಿ ನಾಲ್ವರಲ್ಲಿ ಒಬ್ಬರು. ಆಪರೇಷನ್‌ನ ಅಪಾಯವೂ ಸಣ್ಣದಲ್ಲ, ನುರಿತ ಕಡೆಯಲ್ಲೂ 100ರಲ್ಲಿ 15–20 ಮಂದಿ ಉಳಿಯುವುದಿಲ್ಲ. ಹತ್ತು ನಿಮಿಷ ಕೊಡದಿದ್ದದ್ದು ಅದಕ್ಕೇ.

ಆ ರಾತ್ರಿಯ ಗುರಿ ಜೀವ ತೆಗೆಯುವ ಭಾಗವನ್ನು ಬದಲಿಸುವುದು. ಎದೆಮೂಳೆ ಸೀಳಿ, ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ, ಮೈಯನ್ನು ತಣ್ಣಗಾಗಿಸಿ, ಮಿದುಳಿಗೆ ಮಾತ್ರ ರಕ್ತ ಬಿಟ್ಟು ಉಳಿದ ಕಡೆ ಹರಿವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಏರುವ ಅಯೋರ್ಟಾದ ಜಾಗಕ್ಕೆ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಬೆನ್ನಿನವರೆಗೂ ಇಳಿದಿರುವ ಸೀಳನ್ನೆಲ್ಲ ಅದೇ ಹೊತ್ತಿನಲ್ಲಿ ತೆಗೆಯಲು ಹೋದರೆ ರೋಗಿ ತಡೆದುಕೊಳ್ಳುವುದಿಲ್ಲ. ಹೀಗಾಗಿ ಬಹಳ ಮಂದಿಗೆ ಕೆಳಗಿನ ಸೀಳು ಉಳಿಯುತ್ತದೆ, ಅಲ್ಲಿಂದಾಚೆಗೆ ಅವರನ್ನು ಟೈಪ್ ಬಿ ರೋಗಿಯ ಹಾಗೆಯೇ ನೋಡಿಕೊಳ್ಳಬೇಕು. ಸಿಟಿ 1 ತಿಂಗಳಿಗೆ, 6 ತಿಂಗಳಿಗೆ, ವರ್ಷಕ್ಕೆ, ಆಮೇಲೆ ಸ್ಥಿರವಾಗಿದ್ದರೆ ವರ್ಷಕ್ಕೊಮ್ಮೆ. ಇಳಿಯುವ ಭಾಗ 55 ಮಿ.ಮೀ. ಮುಟ್ಟಿದಾಗ ಮುಂದಿನ ಹೆಜ್ಜೆಯ ಮಾತು ಶುರು, 60 ಆದರೆ ಮುಂದೂಡುವ ಹಾಗಿಲ್ಲ. ಸಿಟಿಗೆಂದು ರಕ್ತನಾಳಕ್ಕೆ ಬಿಡುವ ಕಾಂಟ್ರಾಸ್ಟ್ ಮದ್ದು ಕಿಡ್ನಿಗೆ ಭಾರ, ಪ್ರತಿ ಸಿಟಿಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸಿ.

ಲೋಹದ ಕವಾಟ ಹಾಕಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಜೀವನಪೂರ್ತಿ. ಅದರ ಪರಿಣಾಮ ಅಳೆಯುವ ರಕ್ತಪರೀಕ್ಷೆಯ ಅಂಕಿ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪು ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪುಂಡಿಪಲ್ಯ, ಮೆಂತ್ಯ ಏನೇ ತಿಂದರೂ ವಾರವಾರ ಹೆಚ್ಚುಕಮ್ಮಿ ಅಷ್ಟೇ ಪ್ರಮಾಣ ತಿನ್ನಲಿ. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ಹೇಳಿ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು.

ಪ್ರಶ್ನೆ: ನಮಸ್ಕಾರ್ರಿ ಸಾಹೇಬ್ರ. ನಾ ಗೋದಾಮಿನ್ಯಾಗ ಹಮಾಲಿ ಮಾಡಾಂವ, 44 ವಯಸ್ಸು. ಟೈಪ್ ಬಿ ಆಗಿ ಐದು ತಿಂಗಳಾತು, ಗುಳಿಗಿ ಮ್ಯಾಲ ಅದೀನಿ. ಮತ್ತ ಚೀಲ ಹೊರಬಹುದೇನ್ರಿ? ನೆಗಡಿ, ಭೇದಿ ಆದ್ರ ಮೆಡಿಕಲ್ ಶಾಪಿನ್ಯಾಗ ಗುಳಿಗಿ ತಗೋಬಹುದೇನು? ಹೆಂಡ್ತಿ ಜೋಡಿ ಇರಾಕೂ ಹೆದರಿಕಿ ಬಂದೈತಿ.
– ಯಲಬುರ್ಗಾ

ಉತ್ತರ: ಚೀಲ ಹೊರುವ ಕೆಲಸ ಬಿಡಲೇಬೇಕು, ಇದರಲ್ಲಿ ರಾಜಿ ಇಲ್ಲ. 50 ಕಿಲೋ ಚೀಲಕ್ಕೆ ಹೆಗಲು ಕೊಟ್ಟು ಉಸಿರು ಬಿಗಿಹಿಡಿದಾಗ, ಎಷ್ಟೇ ಮಾತ್ರೆ ನುಂಗಿದ್ದರೂ ಆ ಗಳಿಗೆಯಲ್ಲಿ ಬಿಪಿ 200 ದಾಟಬಹುದು. ತೂಕ ಹಾಕುವುದು, ಚೀಲ ಹೊಲಿಯುವುದು, ಲೆಕ್ಕ ಬರೆಯುವುದು, ಗೇಟ್ ಕೆಲಸ ಸಿಗುತ್ತದೆಯೇ ಎಂದು ಮಾಲೀಕರೊಂದಿಗೆ ಮಾತಾಡಿ. ‘ಭಾರ ಎತ್ತಬಾರದು’ ಎಂದು ಡಾಕ್ಟರರಿಂದ ಚೀಟಿ ಬರೆಸಿಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ. ಮನೆಯಲ್ಲಿ 10 ಕಿಲೋ ಒಳಗಿನದು ಸಾಕು. ತುಂಬಿದ ಕೊಡ 15 ಕಿಲೋ ತೂಗುತ್ತದೆ, ಅರ್ಧ ಕೊಡ ಎತ್ತಿ. ಎತ್ತುವಾಗ ಮಾತಾಡಲು ಆಗುತ್ತಿದ್ದರೆ ಉಸಿರು ಬಿಗಿಯಾಗಿಲ್ಲ ಎಂದು ಅರ್ಥ. ಕೆಟ್ಟುನಿಂತ ಟ್ರ್ಯಾಕ್ಟರ್ ನೂಕುವುದು, ಬೋರ್‌ವೆಲ್ ಪೈಪ್ ಎಳೆಯುವುದು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ನಡಿಗೆ ಮಾತ್ರ ಬಿಡಬೇಡಿ, ದಿನಾ ಅರ್ಧ ಗಂಟೆ ಬೇಕು.

ಭೇದಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಆಫ್ಲೊಕ್ಸಾಸಿನ್-ಆರ್ನಿಡಜೋಲ್ ಕೊಡುವುದು ನಮ್ಮಲ್ಲಿ ರೂಢಿ. ನಿಮಗೆ ಅದು ಬೇಡವೇ ಬೇಡ. ಆಫ್ಲೊಕ್ಸಾಸಿನ್, ಸಿಪ್ರೊಫ್ಲೊಕ್ಸಾಸಿನ್, ಲೆವೊಫ್ಲೊಕ್ಸಾಸಿನ್, ಈ ಜಾತಿಯ ಆಂಟಿಬಯೋಟಿಕ್‌ಗಳು ಅಯೋರ್ಟಾದ ಗೋಡೆಯನ್ನು ಸಡಿಲಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಭೇದಿಗೆ ಓಆರ್‌ಎಸ್ ಕುಡಿಯಿರಿ, ಜ್ವರವೋ ರಕ್ತವೋ ಇದ್ದರೆ ಡಾಕ್ಟರ್ ಬೇರೆ ಮದ್ದು ಕೊಡುತ್ತಾರೆ. ನೆಗಡಿಯ ಗುಳಿಗೆಗಳಲ್ಲಿ ಬಹುತೇಕ ಫಿನೈಲೆಫ್ರಿನ್ ಇರುತ್ತದೆ, ಅದು ನಾಳ ಬಿಗಿಸಿ ಬಿಪಿ ಏರಿಸುತ್ತದೆ. ಹಬೆ, ಸೆಟ್ರಿಜಿನ್, ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆ ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್ ಗುಳಿಗೆ-ಸೂಜಿ ಬೇಡ. ಕೆಮ್ಮು ನಿಲ್ಲದಿದ್ದರೆ ನಿಮ್ಮ ಬಿಪಿ ಮಾತ್ರೆಯ ಹೆಸರು ನೋಡಿ. ರಾಮಿಪ್ರಿಲ್, ಎನಾಲಪ್ರಿಲ್ ಇದ್ದರೆ ಕೆಮ್ಮು ಅದರಿಂದಲೇ ಇರಬಹುದು, ಟೆಲ್ಮಿಸಾರ್ಟಾನ್‌ಗೆ ಬದಲಿಸುತ್ತಾರೆ. ಮಲ ಗಟ್ಟಿಯಾಗಿ ಮುಕ್ಕುವುದೂ ಚೀಲ ಎತ್ತಿದಷ್ಟೇ ಕೆಟ್ಟದ್ದು. ರಾತ್ರಿ ಎರಡು ಚಮಚ ಇಸಬ್‌ಗೋಲ್, ಮೇಲೆ ಪೂರ್ತಿ ಲೋಟ ನೀರು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಎಲ್ಲ ಸೇರಿ ಒಂದು ಸಣ್ಣ ಚಮಚ. ಸಂಜೆಯ ಒಗ್ಗರಣಿ-ಮಿರ್ಚಿ, ಊಟದ ಉಪ್ಪಿನಕಾಯಿ, ಹಪ್ಪಳಗಳಲ್ಲೇ ಅದು ಮುಗಿದುಹೋಗುತ್ತದೆ. ಗುಟ್ಕಾ ಬಾಯಿಗೆ ಬಿದ್ದ ಪ್ರತಿ ಸಲವೂ ನಾಡಿ, ಬಿಪಿ ಏರುತ್ತವೆ. ಬೀಟಾ ಬ್ಲಾಕರ್ ಮಾಡುವ ಕೆಲಸವನ್ನು ಅದು ಕೆಡವುತ್ತ ಹೋಗುತ್ತದೆ.

ದಾಂಪತ್ಯಕ್ಕೆ ಅಡ್ಡಿಯಿಲ್ಲ. ಬಿಪಿ ಹಿಡಿತದಲ್ಲಿದ್ದು, ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುವಂತಿದ್ದರೆ ಹೆದರಬೇಡಿ. ಹಾಂ, ಕೆಲವರಿಗೆ ಬೀಟಾ ಬ್ಲಾಕರ್‌ನಿಂದ ನಿಮಿರುವಿಕೆ ಕುಗ್ಗುತ್ತದೆ. ಹೇಳಲು ನಾಚಿ ಗುಟ್ಟಾಗಿ ಗುಳಿಗೆ ಬಿಡುವವರು ಬಹಳ. ಹೇಳಿದರೆ ನೆಬಿವೊಲಾಲ್‌ನಂಥದಕ್ಕೆ ಬದಲಿಸಲು ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ, ಎತ್ತರ 150 ಸೆಂ.ಮೀ. ಏರುವ ಅಯೋರ್ಟಾ 4.8 ಸೆಂ.ಮೀ. ಉಬ್ಬಿದೆ, ಸೀಳಿಲ್ಲ, ನೋವಿಲ್ಲ. 5.5 ಆಗುವವರೆಗೆ ಕಾಯಿರಿ ಅಂದಿದ್ದಾರೆ. ಅಷ್ಟರಲ್ಲಿ ಒಡೆದರೆ?
– ರಾಯಚೂರು

ಉತ್ತರ: 5.5 ಎಂಬುದು ಸಾಮಾನ್ಯ ಎತ್ತರದವರ ಗೆರೆ. ನುರಿತ ತಂಡವಿದ್ದರೆ 5.0ಕ್ಕೂ ಮಾಡುತ್ತಾರೆ. ಮಾರ್ಫನ್ ಕಾಯಿಲೆಯವರಿಗೆ (ಅಯೋರ್ಟಾದ ಗೋಡೆಯನ್ನು ದುರ್ಬಲಗೊಳಿಸುವ ವಂಶಪಾರಂಪರ್ಯ ಕಾಯಿಲೆ) 5.0, ಅವರ ಮನೆತನದಲ್ಲಿ ಯಾರಿಗಾದರೂ ಸೀಳಿದ್ದರೆ 4.5. ಗಿಡ್ಡಗಿರುವವರಿಗೆ ಇನ್ನೊಂದು ಲೆಕ್ಕವಿದೆ, ಅದು ನಿಮಗೆ ಬೇಕಾದದ್ದು: ಅಯೋರ್ಟಾದ ಅಡ್ಡಕೊಯ್ತದ ವಿಸ್ತೀರ್ಣವನ್ನು ಎತ್ತರದಿಂದ ಭಾಗಿಸುವುದು. 4.8ರ ಅರ್ಧ 2.4, ಅದರ ವರ್ಗವನ್ನು 3.14ರಿಂದ ಗುಣಿಸಿದರೆ 18.1 ಚದರ ಸೆಂ.ಮೀ. ಅದನ್ನು ಎತ್ತರ 1.5 ಮೀಟರ್‌ನಿಂದ ಭಾಗಿಸಿದರೆ 12. ಇದು 10 ದಾಟಿದರೆ ಆಪರೇಷನ್ ಪರಿಗಣಿಸಬಹುದು ಎಂದು 2022ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ‘ಕಾಯಿರಿ’ ಎಂಬ ಮಾತನ್ನು ಈ ಅಂಕಿ ಹಿಡಿದು ಮತ್ತೊಮ್ಮೆ ಕೇಳಿ. ಮೊದಲೇ ಗೊತ್ತುಮಾಡಿಕೊಂಡು ಮಾಡಿಸುವ ಆಪರೇಷನ್‌ನಲ್ಲಿ ನುರಿತ ಕಡೆ ಅಪಾಯ 100ರಲ್ಲಿ 2ರಿಂದ 5. ಸೀಳಿದ ಮೇಲೆ ಅದೇ ನಾಲ್ಕೈದು ಪಟ್ಟು.

ಅಳತೆಯ ಮೇಲೂ ಕಣ್ಣಿಡಿ. ಎಕೋದಲ್ಲಿ 4.6, ಸಿಟಿಯಲ್ಲಿ 4.8 ಬಂದರೆ ಅದು ಬೆಳವಣಿಗೆಯಲ್ಲ, ಅಳೆಯುವ ವಿಧಾನದ ವ್ಯತ್ಯಾಸ. ಇಸಿಜಿ ಜೊತೆ ಹೊಂದಿಸಿ ತೆಗೆದ ಸಿಟಿ, ಅದೇ ಸೆಂಟರು, ನಾಳಕ್ಕೆ ನೇರ ಅಡ್ಡಲಾಗಿ ಅಳೆದದ್ದು, ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದು, ಹೀಗಿದ್ದರೆ ಮಾತ್ರ ನಂಬಿ. ಒಂದೇ ವರ್ಷದಲ್ಲಿ 0.5 ಸೆಂ.ಮೀ., ಅಥವಾ ಸತತ ಎರಡು ವರ್ಷ 0.3ರಂತೆ ಬೆಳೆದರೆ ಗೆರೆ ಮುಟ್ಟುವವರೆಗೆ ಕಾಯುವುದಿಲ್ಲ.

ಪ್ರಶ್ನೆ: ತಾಯಿಗೆ 78. ಸೀಳಾದರೂ ಈ ವಯಸ್ಸಿಗೆ ಆಪರೇಷನ್ ಬೇಡ ಎಂದು ಮನೆಯಲ್ಲಿ ಮೊದಲೇ ತೀರ್ಮಾನಿಸಿಡುವುದು ಸರಿಯೇ?
– ಸಂಡೂರು

ಉತ್ತರ: ವಯಸ್ಸೊಂದನ್ನೇ ನೋಡಿ ಬೇಡ. ಸೀಳುಗಳನ್ನು ವರ್ಗೀಕರಿಸಿದ ಅಮೆರಿಕದ ಶಸ್ತ್ರವೈದ್ಯ ಡಾ. ಮೈಕೆಲ್ ಡಿಬೇಕಿ ಅವರಿಗೇ 97ರ ವಯಸ್ಸಿನಲ್ಲಿ ಅದು ಬಂತು. ಅವರೂ ಮೊದಲು ಆಪರೇಷನ್ ಬೇಡವೆಂದಿದ್ದರು. 2006ರಲ್ಲಿ ಆಯಿತು, 2008ರವರೆಗೆ ಬದುಕಿದರು. ಅದು ಅಪರೂಪದ ಉದಾಹರಣೆ, ಎಲ್ಲರಿಗೂ ಅನ್ವಯಿಸುವುದಿಲ್ಲ. ತಾಯಿ ತಮ್ಮ ಕೆಲಸ ತಾವೇ ಮಾಡಿಕೊಂಡು ಓಡಾಡುತ್ತಾರೆಯೇ, ಕಿಡ್ನಿ ಹೇಗಿದೆ, ಮರೆವಿನ ಕಾಯಿಲೆ ಇದೆಯೇ, ಇವನ್ನು ನೋಡಿ. ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅವರ ಮಾತಿಲ್ಲ.

ಪ್ರಶ್ನೆ: ನಮ್ಮೂರಿಂದ ದೊಡ್ಡಾಸ್ಪತ್ರೆ ದೂರ. ಮತ್ತೆ ರಾತ್ರಿ ನೋವು ಬಂದರೆ ಏನು ಮಾಡಬೇಕು?
– ಟೈಪ್ ಬಿ ರೋಗಿಯ ಮಗ, ದೇವದುರ್ಗ

ಉತ್ತರ: ಬಂದ ಗಳಿಗೆಯಲ್ಲೇ ಪೂರ್ತಿ ಜೋರಾಗಿರುವ ಎದೆ ಅಥವಾ ಬೆನ್ನುನೋವು, ಮಾತು ತೊದಲುವುದು, ಕಾಲು ಜೋಮು, ತಣ್ಣಗಾದ ಕಾಲು, ತಡೆಯಲಾರದ ಹೊಟ್ಟೆನೋವು: ಇವುಗಳಲ್ಲಿ ಯಾವುದು ಬಂದರೂ 108ಕ್ಕೆ ಕರೆ ಮಾಡಿ. ಬೈಕಿನ ಮೇಲೆ ಕೂರಿಸಿ ಒಯ್ಯಬೇಡಿ. ಆಂಬುಲೆನ್ಸಿನವರಿಗೂ ಕ್ಯಾಜುವಾಲ್ಟಿಯವರಿಗೂ ಮೊದಲ ವಾಕ್ಯವೇ ‘ಇವರಿಗೆ ಅಯೋರ್ಟಿಕ್ ಡಿಸೆಕ್ಷನ್ ಇದೆ’ ಎಂದಿರಲಿ. ಯಾಕೆಂದರೆ ಇಸಿಜಿ ನಾರ್ಮಲ್ ಬರಬಹುದು, ಇಲ್ಲವೇ ಹಾರ್ಟ್ ಅಟ್ಯಾಕ್ ಥರ ಕಾಣಬಹುದು. ಹಾರ್ಟ್ ಅಟ್ಯಾಕ್ ಎಂದು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್‌ನಂಥ ಇಂಜೆಕ್ಷನ್ ಕೊಟ್ಟರೆ ಸೀಳಿದ ನಾಳದಲ್ಲಿ ರಕ್ತ ನಿಲ್ಲುವುದಿಲ್ಲ. ಮನೆಯಲ್ಲಿ ಆಸ್ಪಿರಿನ್ ನುಂಗಿಸುವುದೂ ಬೇಡ.

ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಮಾಡಿಸಬೇಕಾದದ್ದು ನೋವಿಗೆ ಸೂಜಿ, ಡ್ರಿಪ್ಪಿನಲ್ಲಿ ನಾಡಿ-ಬಿಪಿ ಇಳಿಸುವುದು, ಕಾಂಟ್ರಾಸ್ಟ್ ಸಿಟಿ. ಮೊದಲು ಬೀಟಾ ಬ್ಲಾಕರ್, ಆಮೇಲೆ ನಾಳ ಸಡಿಲಿಸುವ ಮದ್ದು. ಕ್ರಮ ತಿರುಗಿದರೆ ನಾಡಿ ಓಡಿ ಸೀಳು ಬೆಳೆಯುತ್ತದೆ. ಬಿಪಿ ಇಳಿಸದೆ ನೇರ ಹೈದರಾಬಾದೋ ಬೆಂಗಳೂರೋ ಎಂದು ಗಾಡಿ ಹತ್ತಿಸುವುದು ತಪ್ಪು.

ಎಲ್ಲಿಗೆ ಹೋಗುವುದು ಎಂಬುದನ್ನು ಆ ರಾತ್ರಿ ಹುಡುಕಬೇಡಿ. ರಾಯಚೂರಿನವರಿಗೆ ಕಲಬುರಗಿ, ಹೈದರಾಬಾದು, ಕೊಪ್ಪಳದವರಿಗೆ ಹುಬ್ಬಳ್ಳಿ, ಬಳ್ಳಾರಿಯವರಿಗೆ ಬೆಂಗಳೂರು. ಹಗಲಲ್ಲೇ ಫೋನ್ ಮಾಡಿ, ‘ಅಯೋರ್ಟಾ ಆಪರೇಷನ್ ಮಾಡುವ ತಂಡ ರಾತ್ರಿಯೂ ಸಿಗುತ್ತದೆಯೇ, ನಮ್ಮ ಕಾರ್ಡ್ ನಡೆಯುತ್ತದೆಯೇ’ ಎಂದು ಕೇಳಿಟ್ಟುಕೊಳ್ಳಿ. ಹೃದ್ರೋಗ ಆಸ್ಪತ್ರೆ ಎಂಬ ಫಲಕ ಇದ್ದ ಕಡೆಯೆಲ್ಲ ಈ ಆಪರೇಷನ್ ಆಗುವುದಿಲ್ಲ. ಒಂದು ಚೀಲದಲ್ಲಿ ಕೊನೆಯ ಸಿಟಿಯ ಸಿಡಿ, ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಪಟ್ಟಿ, ಬ್ಲಡ್ ಗ್ರೂಪ್, ಆಧಾರ್, ರೇಷನ್ ಕಾರ್ಡ್ ಸದಾ ಸಿದ್ಧವಿರಲಿ.

ಪ್ರಶ್ನೆ: ಭಾವನಿಗೆ ಮಾರ್ಫನ್ ಕಾಯಿಲೆ, ಅಯೋರ್ಟಾ ಆಪರೇಷನ್ ಆಗಿದೆ. ಅವರ ಮಗಳನ್ನು ಸೋದರಮಾವನಿಗೆ ಕೊಡುವ ಮಾತಿದೆ. ಸಂಬಂಧದಲ್ಲೇ ಮದುವೆಯಾದರೆ ಮಕ್ಕಳಿಗೆ ಬರುತ್ತದೆಯೇ?
– ಸಿರುಗುಪ್ಪ

ಉತ್ತರ: ಮಾರ್ಫನ್ ದಾಟಲು ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ 50% ಸಾಧ್ಯತೆ, ಸಂಬಂಧದಲ್ಲಾಗಲಿ ಹೊರಗಾಗಲಿ. (ಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ.) ಮೊದಲು ಹುಡುಗಿಗೆ ಎಕೋ, ಕಣ್ಣಿನ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಜೀನ್ ಪರೀಕ್ಷೆಯನ್ನೂ ಮಾಡಿಸಿ. ಅವಳ ಒಡಹುಟ್ಟಿದವರಿಗೂ ಬೇಕು. ಅವಳಿಗೆ ಇದ್ದರೆ ಬಸಿರಾಗುವ ಮುನ್ನವೇ ಹೃದ್ರೋಗ ತಜ್ಞರನ್ನು ಕಾಣಲೇಬೇಕು, ಬಸಿರಿನ ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ವಾರಗಳು ಸೀಳಿಗೆ ಅತಿ ಅಪಾಯದವು.

ಪ್ರಶ್ನೆ: ಸ್ಟೆಂಟ್ ಆಗಿ ಎರಡು ತಿಂಗಳು. ಅಂಜನಾದ್ರಿ ಬೆಟ್ಟ ಹತ್ತುವ ಹರಕೆ ಇದೆ.
– ಭಕ್ತ, ಕುಷ್ಟಗಿ

ಉತ್ತರ: ಈಗಲೇ ಬೇಡ. ಅಲ್ಲಿ 575 ಮೆಟ್ಟಿಲು. ಆರು ತಿಂಗಳ ಸಿಟಿ ಆಗಲಿ, ಸ್ಟೆಂಟಿನ ಪಕ್ಕದಿಂದ ರಕ್ತ ಸೋರುತ್ತಿಲ್ಲ, ಅಯೋರ್ಟಾ ಉಬ್ಬಿಲ್ಲ ಎಂದಾಗಲಿ. ಆಮೇಲೆ ದಿನಾ ಅರ್ಧ ಗಂಟೆ ನಡೆದು ಅಭ್ಯಾಸವಾಗಿದ್ದರೆ ಚಳಿಗಾಲದ ಬೆಳಿಗ್ಗೆ ಹೋಗಿ. ಬೆಳಗಿನ ಮಾತ್ರೆ ನುಂಗಿ, ಐವತ್ತು ಮೆಟ್ಟಿಲಿಗೊಮ್ಮೆ ಕೂತು, ಕೈಯಲ್ಲಿ ನೀರಿನ ಬಾಟಲಿ ಬಿಟ್ಟು ಬೇರೇನೂ ಹೊರದೆ ಹತ್ತಿ. ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಡಿ. ಉಪವಾಸವಿದ್ದು ಹತ್ತಬೇಡಿ. ಬೆನ್ನಿನಲ್ಲಿ ಸಣ್ಣ ಚಳುಕು ಬಂದರೂ ಅಲ್ಲಿಂದಲೇ ಕೈಮುಗಿದು ಇಳಿಯಿರಿ.